ಹನ್ನೊಂದು ನಿಮಿಷದ ಮೈಸೂರು

ಕಲಬುರಗಿಯಿಂದ ಮೈಸೂರಿಗೆ ವಿಮಾನದಲ್ಲಿ ಹನ್ನೊಂದು ನಿಮಿಷ ಎಂದು ಮೊದಲ ಸಲ ಕೇಳಿದಾಗ ಜನ ನಕ್ಕರು. ನಗದೆ ಇನ್ನೇನು ಮಾಡುತ್ತಾರೆ? ಭೂಪಟದ ಮೇಲೆ ಪಟ್ಟಿ ಇಟ್ಟು ಗೆರೆ ಎಳೆದರೂ ಐನೂರ ಅರವತ್ತು ಕಿಲೋಮೀಟರಿನ ದಾರಿ ಅದು. ರೈಲಿನಲ್ಲಿ ಹೊರಟವರು ಎರಡು ಊಟ, ಒಂದು ನಿದ್ದೆ, ಎದುರು ಸೀಟಿನವರ ಜೊತೆ ಒಂದು ಸಣ್ಣ ಜಗಳ, ಆಮೇಲೆ ರಾಜಿ, ಇಷ್ಟೆಲ್ಲ ಮುಗಿಸಿಕೊಂಡು ಇಳಿಯುತ್ತಿದ್ದರು. ಹಳೆಯ ವಿಮಾನಗಳಿಗೂ ಒಂದೂವರೆ ಗಂಟೆ ಬೇಕಾಗುತ್ತಿತ್ತು. ಹನ್ನೊಂದು ನಿಮಿಷದಲ್ಲಿ ಚಹಾ ಕೂಡ ಸರಿಯಾಗಿ ಕುದಿಯುವುದಿಲ್ಲ ಎಂದು ಕಲಬುರಗಿಯ ಹಿರಿಯರು ತೀರ್ಪು ಕೊಟ್ಟುಬಿಟ್ಟರು.

ಆದರೆ ನಿರಿಗೆ ನಿಗಮದವರು ವಿಮಾನದ ವೇಗ ಹೆಚ್ಚಿಸಿರಲಿಲ್ಲ. ದೂರವನ್ನೇ ಕಡಿಮೆ ಮಾಡಿದ್ದರು.

ಇದು ಹೇಗೆ ಎಂಬುದನ್ನು ಎಲ್ಲರಿಗಿಂತ ಚೆನ್ನಾಗಿ ಹೇಳುತ್ತಿದ್ದವಳು ನೀಲಾಂಬಿಕಾ. ನಿಗಮದ ಕಲಬುರಗಿ ತುದಿಯ ನಿಯಂತ್ರಣ ಕೊಠಡಿ ಅವಳ ಕೈಯಲ್ಲಿತ್ತು. ಶಾಲೆಯ ಮಕ್ಕಳು ನೋಡಲು ಬಂದಾಗ ತನ್ನ ಸೆರಗನ್ನೇ ಅಡ್ಡ ಹಿಡಿದು ತೋರಿಸುತ್ತಿದ್ದಳು. "ಈ ತುದಿ ಕಲಬುರಗಿ, ಆ ತುದಿ ಮೈಸೂರು. ಇರುವಿ ಇಲ್ಲಿಂದ ಅಲ್ಲಿಗಿ ಹೋಗ್ಬೇಕಂದ್ರ ಎಷ್ಟ್ ನಡೀಬೇಕು? ಈಗ ನೋಡ್ರಿ." ಬೆರಳ ಸಂದಿಯಲ್ಲಿ ಸೆರಗನ್ನು ನಿರಿಗೆಯಾಗಿ ಮಡಚಿ ಹಿಡಿದರೆ ಎರಡು ತುದಿಗಳೂ ಅಕ್ಕಪಕ್ಕ ಬರುತ್ತಿದ್ದವು. "ಇರುವಿ ಮಡಿಕಿ ಮ್ಯಾಲಿಂದ ಮ್ಯಾಲ ದಾಟಿ ಹೋಗ್ತದ. ಬಟ್ಟಿ ಹರೀಲಿಲ್ಲ, ಕತ್ತರಿಸಲಿಲ್ಲ. ಹೌದಿಲ್ಲೋ?"

ಎರಡೂ ಊರಿನಲ್ಲಿ ಒಂದೊಂದು ಗೋಪುರ. ನೆಲದಿಂದ ಬಹಳ ಮೇಲೆ, ಆಕಾಶದ ಒಂದು ಉದ್ದನೆಯ ಪಟ್ಟಿಯನ್ನು ಆ ಗೋಪುರಗಳು ಹೀಗೆ ಮಡಚಿ ಹಿಡಿಯುತ್ತಿದ್ದವು. ಮಡಚಿದ ಮೇಲೆ ಆ ಪಟ್ಟಿ ಅರವತ್ತು ಕಿಲೋಮೀಟರ್ ಕೂಡ ಇರುತ್ತಿರಲಿಲ್ಲ. ಹನ್ನೆರಡು ಸೀಟಿನ ಬ್ಯಾಟರಿ ವಿಮಾನಗಳು ಅದರೊಳಗೆ ಶೇರ್ ಆಟೋಗಳ ಹಾಗೆ ಓಡಾಡುತ್ತಿದ್ದವು. ಅಷ್ಟು ದೂರಕ್ಕೆ ಬೇಕಾದಷ್ಟೇ ಬ್ಯಾಟರಿ, ಆದ್ದರಿಂದ ವಿಮಾನ ಹಗುರ, ಟಿಕೆಟ್ ಅಗ್ಗ. ವಿಮಾನ ಒಳಗಿರುವಾಗ ನಿರಿಗೆ ಬಿಚ್ಚಿದರೆ ಮಾತ್ರ ಅದರ ಕಥೆ ಮುಗಿದಂತೆ; ಎದುರಿಗೆ ನೂರಾರು ಕಿಲೋಮೀಟರ್, ಬ್ಯಾಟರಿ ಖಾಲಿ. ಅದಕ್ಕೇ ನಿರಿಗೆ ಬಿಚ್ಚಲು ಎರಡು ಕೀಲಿ ಇಟ್ಟಿದ್ದರು, ಇಲ್ಲೊಂದು, ಅಲ್ಲೊಂದು. ಒಮ್ಮೆ ಬಿಚ್ಚಿದರೆ ಮತ್ತೆ ಹಾಕಲು ಎರಡು ದಿನ ಹಿಡಿಯುತ್ತಿತ್ತಾದ್ದರಿಂದ ಆ ಕೀಲಿಗಳನ್ನು ಯಾರೂ ಮುಟ್ಟಿರಲೇ ಇಲ್ಲ.

ಮಕ್ಕಳಿಗೆ ವಿಜ್ಞಾನ ಹೇಳುವಾಗ ನೀಲಾಂಬಿಕಾಳ ಮುಖದಲ್ಲಿ ಹೊಳೆಯುತ್ತಿದ್ದದ್ದು ಬರೀ ವಿಜ್ಞಾನವಲ್ಲ. ಅವಳ ಗಂಡ ಗುರುಪಾದ ಮೈಸೂರಿನಲ್ಲಿ ಕಿವುಡ ಮಕ್ಕಳ ಶಾಲೆಯ ಮಾಸ್ತರ. ಅವನಿಗೆ ಇತ್ತ ವರ್ಗವಾಗಲಿಲ್ಲ, ಅವಳಿಗೆ ಅತ್ತ ಕೆಲಸ ಸಿಗಲಿಲ್ಲ. ಮಗಳು ಭೂಮಿಕಾ ಅಪ್ಪನನ್ನು ಫೋನಿನೊಳಗಿನ ಮುಖವಾಗಿಯೇ ಬಲ್ಲವಳು. ಮೂರು ವರ್ಷದವಳಿದ್ದಾಗ ಅವನು ರಜೆಗೆ ಬಂದು ಬಾಗಿಲಲ್ಲಿ ನಿಂತರೆ, ಆ ಕೂಸು ಅವನನ್ನು ಕೆಳಗಿನಿಂದ ಮೇಲೆ ನೋಡಿ, "ಅವ್ವಾ, ಅಪ್ಪಗ ಕಾಲ್ ಅವ!" ಎಂದು ಕೂಗಿತ್ತು. ಅವತ್ತು ಎಲ್ಲರೂ ಬಿದ್ದು ಬಿದ್ದು ನಕ್ಕರು. ಗುರುಪಾದ ಮಾತ್ರ ನಕ್ಕ ಹಾಗೆ ಮಾಡಿ ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡು ಬಂದ.

ನಿರಿಗೆ ಬಂದ ಮೇಲೆ ಅವನು ದಿನಾ ಸಂಜೆ ಶಾಲೆ ಮುಗಿಸಿ ಮನೆಗೆ ಬರತೊಡಗಿದ. ಭೂಮಿಕಾ ಶಾಲೆಯಿಂದ ನೇರ ವಿಮಾನ ನಿಲ್ದಾಣಕ್ಕೇ ಬಂದು, ಕಾಯುವ ಹಾಲಿನಲ್ಲಿ ಕೂತು ಹೋಂವರ್ಕ್ ಮಾಡುತ್ತ ಅಪ್ಪನ ವಿಮಾನ ಕಾಯುತ್ತಿದ್ದಳು. ರಾತ್ರಿ ಅವನ ಹೆಗಲ ಮೇಲೆಯೇ ಮಲಗುತ್ತಿದ್ದಳು. ಇಷ್ಟು ಸುಖವನ್ನು ತಾನು ಕೆಲಸ ಮಾಡುವ ಕೊಠಡಿಯೇ ತಂದುಕೊಟ್ಟಿತಲ್ಲ ಎಂದು ನೀಲಾಂಬಿಕಾಳಿಗೆ ಹೆಮ್ಮೆ. ಆ ಹೆಮ್ಮೆಯಲ್ಲಿ ತಪ್ಪೇನೂ ಇರಲಿಲ್ಲ.

ಇನ್ನು ಬುತ್ತಿಯ ವಿಷಯ. ನೀಲಾಂಬಿಕಾ ಆಕಾಶ ಮಡಚಬಲ್ಲಳು, ಜೋಳದ ರೊಟ್ಟಿ ಬಡಿಯಲಾರಳು. ಹಿಟ್ಟು ನಾದಿದರೆ ಒಡೆಯುತ್ತದೆ, ತಟ್ಟಿದರೆ ಹರಿಯುತ್ತದೆ. ಅವಳ ಅಕ್ಕ ಮಹಾನಂದಾಳದು ಊರಿಗೇ ಹೆಸರಾದ ಕೈ. ಮಹಾನಂದಾ ಇದ್ದದ್ದು ತೊಗರಿಹಾಳದಲ್ಲಿ. ಕಲಬುರಗಿಗೆ ಬಸ್ಸಿನಲ್ಲಿ ಅರ್ಧ ತಾಸು. ಆ ಸೀಮೆಯಲ್ಲಿ ಹಳ್ಳಿಯಿಂದ ಪಟ್ಟಣದವರಿಗೆ ಬಸ್ಸಿನಲ್ಲಿ ಬುತ್ತಿ ಕಳಿಸುವುದು ಹೊಸದಲ್ಲ. ಬೆಳಗಿನ ಬಸ್ಸಿನ ಬಾನೆಟ್ ಮೇಲೆ ಹೆಸರು ಬರೆದ ಡಬ್ಬಿಗಳ ಸಾಲೇ ಇರುತ್ತದೆ. ಮಹಾನಂದಾ ದಿನಾ ಮುಂಜಾನೆ ರೊಟ್ಟಿ ಬಡಿದು, ಬಿಳಿ ಅರಿವೆಯಲ್ಲಿ ಸುತ್ತಿ, ಪುಂಡಿಪಲ್ಯ, ಶೇಂಗಾ ಹಿಂಡಿ ಜೊತೆಗಿಟ್ಟು ಕಂಡಕ್ಟರನ ಕೈಗೆ ಕೊಡುತ್ತಿದ್ದಳು. ಡಬ್ಬಿ ತೆರೆದರೆ ರೊಟ್ಟಿ ಇನ್ನೂ ಬೆಚ್ಚಗೆ, ನಾಲ್ಕು ಮಡಿಕೆ ಮಾಡಿದರೂ ಮುರಿಯದಷ್ಟು ಮೆತ್ತಗಿರುತ್ತಿತ್ತು. ರಾತ್ರಿಗೆ ಉಳಿಸಿದ್ದನ್ನು ಗುರುಪಾದ ಸವಿದು ತಿನ್ನುತ್ತಿದ್ದ. ಅವನ ದವಡೆ ಹಲ್ಲೊಂದು ಹುಳುಕು; ಮೆತ್ತನೆಯ ರೊಟ್ಟಿಯೇ ಆಗಬೇಕು.

ನಿರಿಗೆ ಬಿದ್ದು ಕೆಲವು ತಿಂಗಳಾಗಿತ್ತು. ಡಬ್ಬಿ ತಡವಾಗಿ ಬರತೊಡಗಿತು. ಮೊದಮೊದಲು ಸ್ವಲ್ಪ ತಡ. ಆಮೇಲೆ ಊಟದ ಹೊತ್ತು ಮೀರಿಯೇ ಬರುತ್ತಿತ್ತು. ತೆರೆದರೆ ರೊಟ್ಟಿಯ ಅಂಚು ಒಣಗಿ ಮೇಲೆದ್ದಿರುತ್ತಿತ್ತು. ಒಂದು ದಿನ ಗುರುಪಾದ ತುತ್ತು ಮುರಿಯಲು ಹೋದಾಗ ರೊಟ್ಟಿ ಟಪ್ ಎಂದು ಎರಡಾಯಿತು. ಅವನು ಅದನ್ನು ಮೊಸರಿನಲ್ಲಿ ನೆನೆಸಿಕೊಂಡು ತಿಂದ. ನೀಲಾಂಬಿಕಾ ಸುಮ್ಮನಿರಬೇಕಲ್ಲ? ಅಕ್ಕನಿಗೆ ಫೋನ್ ಹಚ್ಚಿದಳು.

"ಯಕ್ಕಾ, ಇತ್ತಿತ್ಲಾಗ ತಡಾ ಮಾಡಿ ಏಳ್ಲಕತ್ತೀಯೇನ? ರೊಟ್ಟಿ ಖಡಕ್ ಆಗಿ ಬರ್ಲಕತ್ತಾವ."

"ನಾ ಯಾಕ ತಡಾ ಮಾಡ್ಲಿ? ಎಂದಿನಂಗ ಎದ್ದೀನಿ, ಎಂದಿನಂಗ ಬಡದೀನಿ."

"ಹಂಗಂದ್ರ ನಿನ್ನಿವು ತಂಗಳ ಹಾಕಿ ಕಳಿಸ್ಲಕತ್ತೀಯೇನ?"

ಈ ಮಾತು ಬಾಯಿಂದ ಬರಬಾರದಿತ್ತು. ಮಹಾನಂದಾಳಿಗೆ ಬೈದರೆ ನಡೆದೀತು, ಹೊಡೆದರೂ ನಡೆದೀತು, ಅವಳ ರೊಟ್ಟಿಗೆ ಹೆಸರಿಟ್ಟರೆ ನಡೆಯದು. "ನನ್ನ ಕೈ ರೊಟ್ಟಿ ತಂಗಳಾದ್ವು ಅಂದ್ರ ಪ್ಯಾಟಿಯಾಗ ಖಾನಾವಳಿ ಬೇಕಾದಷ್ಟವ ತಗೋ ತಂಗಿ," ಎಂದು ಫೋನ್ ಇಟ್ಟಳು. ಮರುದಿನದಿಂದ ಡಬ್ಬಿ ಬರಲಿಲ್ಲ.

ನಿರಿಗೆಯ ಕೆಳಗಿನ ಸೀಮೆಯಲ್ಲೆಲ್ಲ ಆಗ ಇದೇ ನಡೆದಿತ್ತು. ಬಸ್ಸು ತಡವಾದರೆ ಡ್ರೈವರನನ್ನು ಬೈದರು. ಸಿಂಧನೂರಿನ ಕಡೆ ಹಾಲಿನ ಗಾಡಿಯಲ್ಲಿ ಹಾಲು ಒಡೆದರೆ ಎಮ್ಮೆಯನ್ನು ಬೈದರು. ಚಳ್ಳಕೆರೆಯ ಹತ್ತಿರ ಒಬ್ಬ ರೈತ, ಪಹಣಿಯಲ್ಲಿ ನಾಲ್ಕೆಕರೆ ಇರುವ ಹೊಲ ಉಳುವಾಗ ಎಂಟಾಗುತ್ತದೆ, ಬಿತ್ತನೆ ಬೀಜ ಸಾಲುತ್ತಿಲ್ಲ ಎಂದು ತಾಲೂಕು ಕಚೇರಿಗೆ ಹೋದ. ಅಲ್ಲಿ ಎಲ್ಲರೂ ಅವನ ಬಾಯಿ ಮೂಸಿ ನೋಡಿದರು. ದಾರಿಯೇ ಬೆಳೆಯುತ್ತಿದೆ ಎಂದು ಯಾರಿಗಾದರೂ ಹೊಳೆಯುವುದುಂಟೇ? ಮನುಷ್ಯನಿಗೆ ತಡವಾದಾಗ ಮನುಷ್ಯನ ಮೇಲೆಯೇ ಅನುಮಾನ.

ನೀಲಾಂಬಿಕಾಳಿಗೆ ಅದು ಗೊತ್ತಾದದ್ದು ಅಕ್ಕನ ಮಗಳ ಕುಬಸದ, ಅಂದರೆ ಸೀಮಂತದ ದಿನ.

ಮಹಾನಂದಾಳ ಮಗಳು ಸುವರ್ಣಾಳನ್ನು ಕಲಬುರಗಿಗೇ ಕೊಟ್ಟಿದ್ದರು. ದೊಡ್ಡಾಸ್ಪತ್ರೆಯ ಹಿಂದಿನ ಓಣಿಯಲ್ಲಿ ಗಂಡನ ಮನೆ. ಚೊಚ್ಚಲ ಬಸುರಿ. ಚೊಚ್ಚಲ ಹೆರಿಗೆ ತವರಿನಲ್ಲಿ ಆಗಬೇಕೆಂದು ತೊಗರಿಹಾಳಕ್ಕೆ ಕರೆತಂದು ಕುಬಸ ಇಟ್ಟುಕೊಂಡಿದ್ದರು. ಜಗಳವಾಡಿದ್ದರೂ ಚಿಕ್ಕವ್ವ ಹೋಗದೆ ಇರಲಾದೀತೇ? ಹಸಿರು ಬಳೆ, ಸೀರೆ ಹಿಡಿದುಕೊಂಡು ನೀಲಾಂಬಿಕಾ ಬಸ್ಸು ಹತ್ತಿದಳು.

ಬಸ್ಸಿನಲ್ಲಿ ಎಲ್ಲರ ಹತ್ತಿರವೂ ನೀರಿನ ಬಾಟಲಿ, ಚುರುಮುರಿ ಪೊಟ್ಟಣ, ಇಬ್ಬರ ಹತ್ತಿರ ದಿಂಬು. ಪಕ್ಕದಲ್ಲಿ ಕೂತ ಮುದುಕಿ ಬತ್ತಿ ಹೊಸೆಯುತ್ತಿದ್ದಳು. ವಿಮಾನ ನಿಲ್ದಾಣದ ಗೋಪುರ ದಾಟಿದ ಮೇಲೆ ಎರಡೂ ಬದಿ ತೊಗರಿ ಹೊಲ ಶುರುವಾಯಿತು. ನೀಲಾಂಬಿಕಾ ಹುಟ್ಟಿದಾಗಿನಿಂದ ಕಂಡ ಹೊಲಗಳು. ಒಂದು ಹಾಡು ಹೇಳಿ ಮುಗಿಸುವಷ್ಟರಲ್ಲಿ ದಾಟುತ್ತಿದ್ದವು. ಅವತ್ತು ಮುಗಿಯಲಿಲ್ಲ. ಬಸ್ಸು ವೇಗವಾಗಿಯೇ ಓಡುತ್ತಿತ್ತು, ಗಾಳಿ ಮುಖಕ್ಕೆ ಬಡಿಯುತ್ತಿತ್ತು, ಊರಿನ ನೀರಿನ ಟಾಕಿ ಮಾತ್ರ ದೂರದಲ್ಲಿ ಹಾಗೇ ನಿಂತಿತ್ತು.

"ಯಾಕಬೇ, ದಾರಿ ಇಷ್ಟುದ್ದ?" ಎಂದು ಕೇಳಿದಳು.

"ಈಗೀಗ ಹಂಗೇ ಆಗ್ಯದವ್ವ," ಎಂದಳು ಮುದುಕಿ, ಮಳೆ ಬಿಸಿಲಿನ ಬಗ್ಗೆ ಮಾತಾಡುವ ಹಾಗೆ. "ಹೋಗಿ ಮುಟ್ಟೂದ್ರಾಗ ನನ್ನವು ನೂರು ಬತ್ತಿ ಆಗ್ತಾವ. ದೇವರಿಗಿ ಛಲೋನೇ ಆತು."

ಅರ್ಧ ತಾಸಿನ ದಾರಿಗೆ ಎರಡು ತಾಸಾಯಿತು. ಒಳಗೆ ಸುವರ್ಣಾಳಿಗೆ ಹಸಿರು ಸೀರೆ ಉಡಿಸುತ್ತಿದ್ದರು. ಮುತ್ತೈದೆಯೊಬ್ಬಳು ನಿರಿಗೆ ಹಿಡಿದು ಸೊಂಟಕ್ಕೆ ಸಿಕ್ಕಿಸಿದಳು. ಮೇಲೆ ಬೆರಳಗಲದಲ್ಲಿ ಬಿಗಿಯಾಗಿ ಕೂತ ನಿರಿಗೆ, ಕೆಳಗೆ ಪಾದದ ಹತ್ತಿರ ಬೀಸಣಿಗೆಯ ಹಾಗೆ ಅಗಲವಾಗಿ ಹರಡಿಕೊಂಡಿತು. ನೀಲಾಂಬಿಕಾ ನೋಡುತ್ತಲೇ ನಿಂತಳು. ಇಷ್ಟು ದಿನ ಮಕ್ಕಳಿಗೆ ಸೆರಗು ಹಿಡಿದು ಪಾಠ ಹೇಳಿದವಳಿಗೆ ಕೆಳಗೆ ನೋಡಬೇಕೆಂದು ಹೊಳೆದಿರಲಿಲ್ಲ. ಮೇಲೆ ಆಕಾಶದಲ್ಲಿ ಒತ್ತಿ ಹಿಡಿದ ದೂರ ಎಲ್ಲಿಗೂ ಹೋಗಿರಲಿಲ್ಲ. ಕೆಳಗೆ ನೆಲದ ಮೇಲೆ, ಅಡ್ಡಲಾಗಿ ಹರಡಿಕೊಂಡಿತ್ತು. ತೊಗರಿಹಾಳಕ್ಕೂ ಕಲಬುರಗಿಗೂ ನಡುವೆ ಬಂದು ಕೂತಿತ್ತು.

ಅಕ್ಕ ಪಾಪ ಹೊತ್ತಿಗೆ ಸರಿಯಾಗಿಯೇ ಎದ್ದಿದ್ದಳು.

ಊಟವಾದ ಮೇಲೆ ಅಕ್ಕನನ್ನು ಪಡಸಾಲೆಗೆ ಕರೆದು, "ಸುವರ್ಣಾನ್ನ ನನ್ನ ಮನಿಗಿ ಕಳಸು ಯಕ್ಕಾ. ದವಾಖಾನಿ ಹತ್ರ ಅದ. ಬಾಣಂತನ ನಾ ಮಾಡ್ತೀನಿ," ಎಂದಳು.

ಮಹಾನಂದಾ ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದವಳು ತಲೆಯೆತ್ತಲಿಲ್ಲ. "ತವರು ಇದು. ನಾ ಇನ್ನ ಬದುಕೀನಿ. ತಂಗಳ ರೊಟ್ಟಿ ಮಾಡಾಕಿ ಕೈಯಾಗ ಮಗಳ ಬಾಣಂತನ ಆಗಂಗಿಲ್ಲೇನು?"

"ಹಂಗಲ್ಲ ಅಕ್ಕಾ, ದಾರಿ ಉದ್ದ ಆಗ್ಯದ."

"ದಾರಿ ಉದ್ದ ಆಗ್ತಾವೇನು? ನೀ ದೂರ ಆಗೀದಿ."

ದಾರಿ ಉದ್ದ ಮಾಡಿದವರು ನಾವೇ ಎಂದು ಹೇಳಲು ನೀಲಾಂಬಿಕಾಳಿಗೆ ಬಾಯಿ ಬರಲಿಲ್ಲ. ಸುವರ್ಣಾ ಹೊಸ ಬಳೆ ಸದ್ದು ಮಾಡುತ್ತ ಬಂದು ಇಬ್ಬರ ನಡುವೆ ಕೂತಳು, ಮಾತು ಅಲ್ಲಿಗೆ ನಿಂತಿತು.

ಮರುದಿನ ನಿಯಂತ್ರಣ ಕೊಠಡಿಯಿಂದ ಮೈಸೂರು ತುದಿಗೆ ಮಾತಾಡಿದಳು. ಅಲ್ಲಿನ ಮುಖ್ಯಸ್ಥ ಡಾ. ಶ್ರೀಕಂಠಸ್ವಾಮಿ, ನಿರಿಗೆಯ ಲೆಕ್ಕ ಹಾಕಿದವರಲ್ಲಿ ಒಬ್ಬರು. ಒಳ್ಳೆಯ ಮನುಷ್ಯ. ಅವಳ ಮಾತು ಪೂರ್ತಿ ಕೇಳಿಸಿಕೊಂಡು, ನಗದೆ, "ಎರಡು ದಿನ ಟೈಮ್ ಕೊಡಿ ಮೇಡಂ," ಎಂದರು. ಮೂರನೆಯ ದಿನ ಪರದೆಯ ಮೇಲೆ ಬಂದಾಗ ಅವರ ಮುಖ ಬಾಡಿತ್ತು.

"ನೀವ್ ಹೇಳಿದ್ದು ಸರಿ. ಅಡ್ಡಕ್ಕೆ ಹರಡೋದು ತುಂಬಾ ಕಮ್ಮಿ ಅಂತ ನಾವು ಲೆಕ್ಕದಿಂದ ಬಿಟ್ಬಿಟ್ಟಿದ್ವಿ. ಒಂದ್ ದಿನಕ್ಕೆ ಕಮ್ಮೀನೇ. ಆದ್ರೆ ನಿರಿಗೆ ಬಿಚ್ಚದೆ ಇಟ್ರೆ ದಿನಾ ಕೂಡ್ತಾ ಹೋಗುತ್ತೆ. ಸಿಂಧನೂರು, ಹಿರಿಯೂರು, ಎಲ್ಲಾ ಕಡೆಯಿಂದ ದೂರು ತರ್ಸಿ ನೋಡ್ದೆ. ಪಾಪ, ಯಾರ್ಯಾರೋ ಕೆಲ್ಸ ಕಳ್ಕೊಂಡಿದಾರೆ."

"ಏನ್ ಮಾಡೂದು ಸರ್?"

"ಸರಿ ಮಾಡೋ ದಾರಿ ಹುಡುಕ್ತಾ ಇದೀನಿ. ದೀಪಾವಳಿವರೆಗೂ ಬೇಕು. ಈಗ್ಲೇ ಬಿಚ್ಚೋಣ ಅಂದ್ರೆ ಬೇಡ ಅನ್ನಲ್ಲ. ಆದ್ರೆ ಒಂದ್ಸಲ ಬಿಚ್ಚಿದ್ರೆ, ಇದು ಗೊತ್ತಾದ್ಮೇಲೆ, ಮತ್ತೆ ಹಾಕೋಕೆ ಬಿಡ್ತಾರೋ ಇಲ್ವೋ. ನೀವೇನಂತೀರಿ?"

ನೀಲಾಂಬಿಕಾ ಗಾಜಿನಾಚೆ ನೋಡಿದಳು. ಕಾಯುವ ಹಾಲಿನಲ್ಲಿ ಭೂಮಿಕಾ ಬೆಂಚಿನ ಮೇಲೆ ಕಾಲು ಜೋಲಾಡಿಸುತ್ತ ಏನೋ ಬರೆಯುತ್ತಿದ್ದಳು. ಅಪ್ಪನ ವಿಮಾನಕ್ಕೆ ಇನ್ನೂ ಹೊತ್ತಿತ್ತು.

"ದೀಪಾವಳಿತನ ನೋಡೂಣ್ರಿ ಸರ್," ಎಂದಳು. ಹೇಳಿದ ಮೇಲೆ ಅವಳಿಗೆ ಆ ದಿನ ಊಟ ಸೇರಲಿಲ್ಲ. ಗುರುಪಾದ ಕೇಳಿದರೂ ಹೇಳಲಿಲ್ಲ. ಹೇಳಿದ್ದರೆ ಅವನು ಬಿಚ್ಚು ಎನ್ನುತ್ತಿದ್ದ, ಅದು ಅವಳಿಗೆ ಗೊತ್ತಿತ್ತು, ಅದಕ್ಕೇ ಹೇಳಲಿಲ್ಲ.

ದೀಪಾವಳಿ ಇನ್ನೂ ದೂರವಿತ್ತು. ಒಂದು ಸಂಜೆ ಹೊತ್ತು ಇಳಿಯುವಾಗ ಅವಳ ಫೋನಿನಲ್ಲಿ ಅಕ್ಕನ ಹೆಸರು ಕಾಣಿಸಿತು. ಜಗಳವಾದ ಮೇಲೆ ಅಕ್ಕ ತಾನಾಗಿ ಫೋನ್ ಮಾಡಿದ್ದು ಅದೇ ಮೊದಲು.

"ನೀಲಾ!" ಮಹಾನಂದಾಳ ದನಿ ನಡುಗುತ್ತಿತ್ತು. ಹಿಂದೆ ಆಂಬುಲೆನ್ಸಿನ ಸೈರನ್, ಅದಕ್ಕೂ ಮೀರಿ ಸುವರ್ಣಾಳ ನರಳಾಟ. "ದಿನಾ ತುಂಬೂಕಿನ ಮೊದಲೇ ಬ್ಯಾನಿ ಬಂದಾವ. ರಕ್ತ ಹೋಗ್ಲಕತ್ತದ. ಹೊಂಟು ತಾಸಿನ ಮ್ಯಾಲಾತು, ದಾರಿ ಸರಿವಲ್ದು ನೀಲಾ. ಗಾಡಿ ಓಡ್ಲಕತ್ತದ, ದಾರಿ ಸರಿವಲ್ದು! ನಿನ್ನ ಗೋಪುರ ಕಾಣ್ತದ, ಹತ್ರ ಬರವಲ್ದು."

"ಅಕ್ಕಾ, ಸಿಸ್ಟರಿಗಿ ಕೊಡು ಫೋನ್."

ಆಂಬುಲೆನ್ಸಿನ ಸಿಸ್ಟರ್ ಗಟ್ಟಿ ಹೆಣ್ಣುಮಗಳು, ಆದರೂ ಅವಳ ಉಸಿರು ಬಿಗಿದಿತ್ತು. "ಮೇಡಂ, ಕೂಸಿನ ಎದಿ ಬಡಿತ ಇಳೀಲಕತ್ತದ. ಈಗಿಂದೀಗ ಆಪರೇಷನ್ ಆಗ್ಬೇಕು. ಡ್ರೈವರ್ ಇನ್ನ ಮುಕ್ಕಾಲು ತಾಸು ಅಂತಾನ."

"ಫೋನ್ ಕಟ್ ಮಾಡಬ್ಯಾಡ," ಎಂದು ನೀಲಾಂಬಿಕಾ ಅದನ್ನು ಮೇಜಿನ ಮೇಲಿಟ್ಟು, ಇನ್ನೊಂದು ಕೈಯಿಂದ ಮೈಸೂರಿನ ಗುಂಡಿ ಒತ್ತಿದಳು. "ಸರ್, ಈಗಿಂದೀಗ ನಿರಿಗಿ ಬಿಚ್ಚಬೇಕು. ನಮ್ಮ ಹುಡುಗಿ ಅಡ್ಡ ದಾರ್ಯಾಗ ಸಿಕ್ಕಾಳ. ಹೆರಿಗಿ."

ಶ್ರೀಕಂಠಸ್ವಾಮಿ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಗಾಳಿಯಲ್ಲಿ ಯಾವ ವಿಮಾನವಿದೆ ನೋಡಿದರು. ಕಲಬುರಗಿಯಿಂದ ಹೊರಟಿದ್ದು ಆಗತಾನೇ ಅಲ್ಲಿ ಇಳಿದಿತ್ತು. ಇಲ್ಲಿ ಹೊರಡಲು ನಿಂತಿದ್ದನ್ನು ನೀಲಾಂಬಿಕಾ ತಡೆದಳು. ಉಳಿದದ್ದು ಒಂದೇ.

"ಇಲ್ಲಿ ಒಂದು ರನ್‌ವೇ ಮೇಲಿದೆ ಮೇಡಂ. ಬಾಗ್ಲು ಹಾಕಿದಾರೆ." ಸ್ವಲ್ಪ ತಡೆದು, ಮೆಲ್ಲಗೆ ಅಂದರು: "ನಿಮ್ಮೆಜಮಾನ್ರು ಅದ್ರಲ್ಲೇ ಇದಾರೆ. ಹನ್ನೊಂದು ನಿಮಿಷ ಕೊಟ್ರೆ ಅವ್ರು ಅಲ್ಲಿ ಇಳ್ದಿರ್ತಾರೆ. ಆಮೇಲೆ ಬಿಚ್ಚಬೋದು."

ಅವರು ಕರುಣೆಯಿಂದಲೇ ಹೇಳಿದ್ದರು. ಗಾಜಿನಾಚೆ ಭೂಮಿಕಾ ಪುಸ್ತಕ ಮುಚ್ಚಿ, ಚೀಲ ಹೆಗಲಿಗೇರಿಸಿ, ಅಪ್ಪ ಬರುವ ಬಾಗಿಲ ಹತ್ತಿರ ಹೋಗಿ ನಿಂತಿದ್ದಳು. ಬರೀ ಹನ್ನೊಂದು ನಿಮಿಷ. ಮೇಜಿನ ಮೇಲಿನ ಫೋನಿನಲ್ಲಿ ಸುವರ್ಣಾ ಈಗ ನರಳುತ್ತಿರಲಿಲ್ಲ.

"ಬಿಡಬ್ಯಾಡ್ರಿ ಸರ್. ತಡೀರಿ."

"ಯೋಚ್ನೆ ಮಾಡಿ ಹೇಳ್ತಿದೀರಾ?"

"ಯೋಚನಾ ಮಾಡಿದ್ರ ಹೇಳೂದಾಗಲ್ಲ ಸರ್. ಕೀಲಿ ಹಾಕ್ರಿ."

ಎರಡು ಕೀಲಿ ಒಟ್ಟಿಗೆ ತಿರುಗಿದವು. ದೊಡ್ಡ ಸದ್ದೇನೂ ಆಗಲಿಲ್ಲ. ಗೋಪುರದ ಗುಂಯ್‌ಗುಡುವಿಕೆ ಇಳಿಯುತ್ತ ಬಂದು ನಿಂತಿತು. ಅದು ನಿಂತ ಮೇಲೆಯೇ ಇಷ್ಟು ದಿನ ಅದು ಕೇಳುತ್ತಿತ್ತೆಂದು ಅವಳಿಗೆ ಗೊತ್ತಾಯಿತು. ಪರದೆಯ ಮೇಲೆ ಮೈಸೂರಿನ ಹೆಸರಿನ ಮುಂದೆ ಐವತ್ತೆಂಟು ಎಂದಿದ್ದ ಅಂಕಿ ಏರತೊಡಗಿತು. ನೂರು, ಇನ್ನೂರು, ನಾನೂರು. ಗಂಡ ಕಣ್ಣೆದುರೇ ದೂರ ಹೋಗುತ್ತಿದ್ದ. ಐನೂರ ಅರವತ್ತಕ್ಕೆ ಬಂದು ಅಂಕಿ ನಿಂತಾಗ ಅವಳು ಕುರ್ಚಿಯ ಕೈ ಹಿಡಿದುಕೊಂಡಳು.

ಆ ಕಡೆ ದಾರಿಯಲ್ಲಿ ಆಂಬುಲೆನ್ಸಿನ ಡ್ರೈವರ್ ಹೆದರಿ ಬ್ರೇಕ್ ಒತ್ತಿದ್ದ. ಅಷ್ಟು ಹೊತ್ತು ಆಕಾಶದಂಚಿನಲ್ಲಿದ್ದ ಗೋಪುರ ತಟ್ಟನೆ ಮುಂದೆಯೇ ನಿಂತಿತ್ತು. ಅದರಾಚೆ ಪಟ್ಟಣದ ದೀಪಗಳು. ಮಹಾನಂದಾ ಫೋನಿನಲ್ಲಿ ಚೀರಿದಳು: "ನೀಲಾ, ಊರು ಬಂತಬೇ! ಊರೇ ಎದ್ದು ಬಂತು!"

"ನಿಂದ್ರಬ್ಯಾಡ ಅನ್ನು ಅಕ್ಕಾ ಅವನಿಗಿ! ಹೊಡೀ ಅನ್ನು!" ಎಂದು ಕೂಗಿ ನೀಲಾಂಬಿಕಾ ಗಳಗಳ ಅತ್ತುಬಿಟ್ಟಳು.

ಹುಟ್ಟಿದ್ದು ಹೆಣ್ಣು ಕೂಸು. ಅಳಲು ತಡಮಾಡಿತು, ಅತ್ತ ಮೇಲೆ ನಿಲ್ಲಿಸಲಿಲ್ಲ. ಸುವರ್ಣಾ ಉಳಿದಳು. ಆಸ್ಪತ್ರೆಯ ಬೆಂಚಿನ ಮೇಲೆ ಅಕ್ಕ ತಂಗಿ ಪಕ್ಕಪಕ್ಕ ಕೂತಾಗ ನೀಲಾಂಬಿಕಾ ಎಲ್ಲವನ್ನೂ ಹೇಳಿದಳು. ಆಕಾಶದ ನಿರಿಗೆ, ನೆಲದ ದೂರ, ಖಡಕ್ ರೊಟ್ಟಿ, ದೀಪಾವಳಿಯವರೆಗೆ ಸುಮ್ಮನಿರೋಣ ಎಂದದ್ದು, ಎಲ್ಲ. ಮಹಾನಂದಾ ಕೇಳಿದ್ದು ಒಂದೇ ಮಾತು: "ಮಾಸ್ತರ್ರು ಎಲ್ಲಿದ್ದಾರ ಈಗ?"

"ಮೈಸೂರಾಗ."

"ಇವತ್ತು ಬರಲ್ಲ?"

"ಇನ್ನ ಬರಲ್ಲ ಅಕ್ಕಾ."

ಮಹಾನಂದಾ ತಂಗಿಯ ತಲೆಯನ್ನು ತನ್ನ ತೊಡೆಗೆ ಎಳೆದುಕೊಂಡಳು. ಭೂಮಿಕಾ ಎದುರಿನ ಬೆಂಚಿನಲ್ಲಿ ಚೀಲ ತಬ್ಬಿಕೊಂಡು ಕೂತಿದ್ದಳು. ಪುಟ್ಟ ಕೂಸು ಹುಟ್ಟಿದೆ ನೋಡು ಎಂದರೂ ಹೋಗಿ ನೋಡಲಿಲ್ಲ. ಅಪ್ಪನ ವಿಮಾನ ನಿಲ್ಲಿಸಿದ್ದು ಅವ್ವ ಎಂದು ಅವಳಿಗೆ ಗೊತ್ತಾಗಿತ್ತು. ಗುರುಪಾದ ಫೋನಿನಲ್ಲಿ, "ನೀಲಾ, ನೀ ಮಾಡಿದ್ದು ಸರಿ ಅದ," ಎಂದು ಎರಡು ಸಲ ಹೇಳಿದ.

ಆಮೇಲೆ ನಡೆದದ್ದು ವಿಚಾರಣೆ, ಸಭೆ, ಪತ್ರಿಕೆ, ಗಲಾಟೆ. ನೀಲಾಂಬಿಕಾಳೂ ಶ್ರೀಕಂಠಸ್ವಾಮಿಯವರೂ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ನಿರಿಗೆಯನ್ನು ಕಿತ್ತೇ ಹಾಕಿ ಎಂದರು ಹಲವರು. ಮೈಸೂರಿನಲ್ಲಿ ಓದುವ ಮಕ್ಕಳಿದ್ದವರು, ಚಾಮರಾಜನಗರದ ಕಡೆ ಮಗಳನ್ನು ಕೊಟ್ಟವರು ಬೇಡವೆಂದು ಅತ್ತರು. ಕೆಳಗಿನ ಹಳ್ಳಿಗಳನ್ನು ಕೇಳಿ ಒಂದು ಒಪ್ಪಂದವಾಯಿತು. ಶುಕ್ರವಾರ ರಾತ್ರಿ ಹಾಕಿದ ನಿರಿಗೆಯನ್ನು ಭಾನುವಾರ ಸಂಜೆ ಬಿಚ್ಚುವುದು. ಅಷ್ಟರಲ್ಲಿ ದಾರಿ ಬೆಳೆದರೆ ಒಂದೆರಡು ತಾಸು ಬೆಳೆದೀತು. ಆ ಎರಡು ದಿನ ಡಾಕ್ಟರು, ಆಂಬುಲೆನ್ಸು ಹಿಗ್ಗಿದ ದಾರಿಯ ಆಚೆ ಬದಿಯ ಹಳ್ಳಿಗಳಲ್ಲೇ ಇರಬೇಕು. ಮೊದಲಿನಂತೆ ಎರಡು ದಿನ ಹಿಡಿದು ಸ್ವಲ್ಪಸ್ವಲ್ಪವಾಗಿ ಅಲ್ಲ, ಒಂದೇ ರಾತ್ರಿಯಲ್ಲಿ ಬಿಗಿಯಾಗಿ ಹಾಕುವುದರಿಂದ ದೂರವೂ ಒಮ್ಮೆಲೇ ಹರಡುತ್ತದೆ ಎಂದು ಶ್ರೀಕಂಠಸ್ವಾಮಿ ಮುಚ್ಚುಮರೆಯಿಲ್ಲದೆ ತಿಳಿಸಿ ಹೇಳಿದರು.

ಗುರುಪಾದ ಈಗ ಶನಿವಾರ ಬಂದು ಭಾನುವಾರ ಹೋಗುತ್ತಾನೆ. ಉಳಿದ ದಿನ ಅವನು ಮತ್ತೆ ಫೋನಿನೊಳಗಿನ ಮುಖ.

ಬುತ್ತಿ ಮತ್ತೆ ಬರತೊಡಗಿದೆ. ಸೋಮವಾರದಿಂದ ಶುಕ್ರವಾರದವರೆಗೆ ದಾರಿ ಅರ್ಧ ತಾಸಿನದೇ. ಡಬ್ಬಿ ತೆರೆದರೆ ಬಿಸಿ ಇನ್ನೂ ಆರಿರುವುದಿಲ್ಲ. ಶನಿವಾರ ಬೇಡ ಅಕ್ಕಾ, ಬಸ್ಸು ತಡವಾಗ್ತದ ಎಂದು ನೀಲಾಂಬಿಕಾ ಹೇಳಿ ನೋಡಿದಳು. ಮಹಾನಂದಾ ಕೇಳಲಿಲ್ಲ. "ಮಾಸ್ತರ್ರು ಬರೂ ದಿನಾನೇ ತವರಿನ ಬುತ್ತಿ ಇಲ್ಲಂದ್ರ ಹೆಂಗ? ಖಡಕ್ ಆದ್ರ ಆಗ್ಲಿ, ಮೊಸರು ಹಚ್ಚಿ ಕೊಡು. ಈ ಸಲ ನನಗ ಬೈಬ್ಯಾಡ ಅಷ್ಟೇ."

ಡಬ್ಬಿ ಬಿಚ್ಚುವ ಕೆಲಸವನ್ನು ಭೂಮಿಕಾ ತಾನೇ ವಹಿಸಿಕೊಂಡಿದ್ದಾಳೆ. ಆರು ವರ್ಷದ ಹುಡುಗಿಗೆ ವಾರಗಳ ಹೆಸರು ಇನ್ನೂ ಹಿಂದೆಮುಂದೆಯಾಗುತ್ತವೆ. ಅರಿವೆ ಬಿಚ್ಚಿ ಮೇಲಿನ ರೊಟ್ಟಿಯನ್ನು ಬೆರಳಿನಿಂದ ಒತ್ತಿ ನೋಡುತ್ತಾಳೆ. ರೊಟ್ಟಿ ಮೆತ್ತಗೆ ಬೆಚ್ಚಗೆ ಬೆರಳಿಗೆ ತಾಗಿದರೆ, ಏನೂ ಹೇಳದೆ ಅರಿವೆಯನ್ನು ಮೊದಲಿನ ಹಾಗೇ ಸುತ್ತಿ, ಮುಚ್ಚಳ ಹಾಕಿ, ಆಡಲು ಹೋಗುತ್ತಾಳೆ.

ಮೊನ್ನೆ ಅವಳು ಅಡುಗೆಮನೆಯಲ್ಲಿ ಮೊಸರಿಗೆ ಒಗ್ಗರಣೆ ಹಾಕುತ್ತಿದ್ದಳು. ಡಬ್ಬಿ ಬಂದದ್ದೇ ಮಧ್ಯಾಹ್ನ ಕಳೆದ ಮೇಲೆ. ಪಡಸಾಲೆಯಲ್ಲಿ ಮುಚ್ಚಳ ತೆಗೆದ ಸದ್ದು, ಆಮೇಲೆ ಒಂದು ಗಳಿಗೆ ಏನೂ ಇಲ್ಲ. ನೀಲಾಂಬಿಕಾ ಸೌಟು ಹಿಡಿದು ಹಾಗೇ ನಿಂತಳು.

ಟಪ್ ಎಂದು ರೊಟ್ಟಿ ಮುರಿಯಿತು.

"ಅವ್ವಾ, ಖಡಕ್ ಅದ!" ಭೂಮಿಕಾ ತುಂಡು ರೊಟ್ಟಿ ಕೈಯಲ್ಲಿ ಹಿಡಿದೇ ಬಾಗಿಲಿಗೆ ಓಡಿದಳು. "ಅಪ್ಪ ಬರ್ಲಕತ್ತಾನ!"